ಘಟ್ಟದ ಮೇಲೊಂದು ಚಳಿಗಾಲ, ಕೆಳಗೊಂದು: ಹಿತ್ತಲಿಗೆ ಯಾವ ಹೂ, ಯಾವ ತರಕಾರಿ?

ದೀಪಾವಳಿ ಮುಗಿದು ತುಳಸಿ ಮದುವೆ ಹತ್ತಿರ ಬಂತೆಂದರೆ ನನಗೆ ಬರುವ ಪ್ರಶ್ನೆಗಳೆಲ್ಲ ಒಂದೇ ಬಗೆಯವು. ಮಳೆ ಹೋಯಿತು, ಹಿತ್ತಲು ಖಾಲಿ ಇದೆ, ಈಗ ಏನು ಹಾಕಲಿ? ಈ ಸಲ ಒಂದೇ ವಾರದಲ್ಲಿ ಮೂವರು ಕೇಳಿದರು. ಒಬ್ಬರು ಕಾರವಾರದಲ್ಲಿ ಬಾಡಿಗೆ ಮನೆಯಲ್ಲಿರುವ ನನ್ನ ಅತ್ತಿಗೆ. ಅವರಿಗಿರುವುದು ತಾರಸಿ ಮಾತ್ರ, ಎಂಟು ಹತ್ತು ಕುಂಡ ಇಡಬಹುದು. ಇನ್ನೊಬ್ಬರು ಅಂಕೋಲೆ ಕಡೆಯ ಓದುಗರು. ಗಜನಿ ಗದ್ದೆಯ, ಅಂದರೆ ಹೊಳೆಯ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯ, ಬದಿಗೆ ಹೊಸ ಮನೆ ಕಟ್ಟಿಸಿದ್ದಾರೆ, ಸುತ್ತ ಮೂರು ಗುಂಟೆ ಜಾಗ. ಮೂರನೆಯವಳು ಶಿರಸಿ ಹತ್ತಿರ ಇರುವ ನನ್ನ ಅಕ್ಕ. ಅಡಿಕೆ ತೋಟದ ಮಗ್ಗುಲಲ್ಲೇ ಅವಳ ಹಿತ್ತಲು, ಎದುರಿಗೆ ಬೆಟ್ಟ, ದಿನಾ ಮಂಗಗಳ ಕಾಟ. ಮೂವರ ಕೈಯಲ್ಲೂ ಹೆಚ್ಚುಕಡಿಮೆ ಅವೇ ಬೀಜದ ಪ್ಯಾಕೆಟ್ಟುಗಳು: ಗೊಂಡೆ (ಚೆಂಡು ಹೂ), ಹೂಕೋಸು, ಟೊಮೆಟೊ, ಕೊತ್ತಂಬರಿ, ಹರಿವೆ, ಅವರೆ. ಮೂವರಿಗೂ ಒಂದೇ ಉತ್ತರ ಕೊಟ್ಟರೆ ಇಬ್ಬರಿಗಾದರೂ ನಷ್ಟವೇ.

ನಾನು ಹುಟ್ಟಿ ಬೆಳೆದದ್ದು ಘಟ್ಟದ ಮೇಲೆ, ಸಂಸಾರ ಮಾಡುತ್ತಿರುವುದು ಕುಮಟೆಯಲ್ಲಿ. ದೇವಿಮನೆ ಘಟ್ಟ ಇಳಿದು ಬಂದ ಮೊದಲ ವರ್ಷವೇ ತವರಿನ ಪಾಠ ಇಲ್ಲಿ ನಡೆಯುವುದಿಲ್ಲ ಎಂದು ಗೊತ್ತಾಯಿತು. ಅದು ಗೊತ್ತಾದದ್ದು ಹೂಕೋಸಿನಿಂದ. ಇಪ್ಪತ್ತು ಸಸಿ ತಂದು, ಕೊಟ್ಟಿಗೆ ಗೊಬ್ಬರ ಹಾಕಿ, ಎರಡು ಹೊತ್ತು ನೀರು ಹೊತ್ತು ಸಾಕಿದೆ. ಜನವರಿಯಲ್ಲಿ ಎಲೆ ಸರಿಸಿ ನೋಡಿದರೆ ಒಳಗೆ ಅಂಗಿ ಗುಂಡಿಗಿಂತ ಸ್ವಲ್ಪ ದೊಡ್ಡದಾದ ಹಳದಿ ಗಡ್ಡೆ, ಅದೂ ಆಗಲೇ ಬಿರಿದು ಹೂವಾಗಲು ಹೊರಟಿತ್ತು. ಸಸಿ ಮಾರಿದವರು ತಳಿಯ ಹೆಸರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ತಪ್ಪು ಗೊಬ್ಬರದ್ದಲ್ಲ, ನೀರಿನದ್ದೂ ಅಲ್ಲ. ಆ ಗಿಡಕ್ಕೆ ಬೇಕಾದ ಚಳಿ ಕುಮಟೆಯಲ್ಲಿ ಇರಲೇ ಇಲ್ಲ.

ಆರಿಸುವ ಮೊದಲು ಅಳೆಯಬೇಕಾದದ್ದು

ಮೊದಲನೆಯದು ರಾತ್ರಿಯ ತಂಪು. ಡಿಸೆಂಬರ್, ಜನವರಿಯಲ್ಲೂ ಕಾರವಾರದ ರಾತ್ರಿ 20 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ, ಹಗಲು 32 ಮುಟ್ಟುತ್ತದೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಲ್ಲಿ ಬೆಳಗಿನ ಜಾವ 15 ಡಿಗ್ರಿಗೂ ಕೆಳಗೆ ಇಳಿಯುವ ದಿನಗಳಿವೆ. ಕುಮಟೆಯಿಂದ ಶಿರಸಿಗೆ ಹೋಗುವ ಅರವತ್ತು ಕಿಲೋಮೀಟರ್ ದಾರಿಯಲ್ಲಿ ಗಿಡಗಳ ಲೋಕವೇ ಬದಲಾಗುತ್ತದೆ.

ಆದರೆ ಹಗಲಿನ ಉದ್ದ ಎರಡೂ ಕಡೆ ಒಂದೇ. ಜೂನ್ ತಿಂಗಳಲ್ಲಿ ಹೆಚ್ಚುಕಡಿಮೆ 13 ಗಂಟೆ ಇರುವ ಹಗಲು ಡಿಸೆಂಬರ್ ಮೂರನೇ ವಾರಕ್ಕೆ 11 ಕಾಲು ಗಂಟೆಗೆ ಇಳಿಯುತ್ತದೆ. ಕೆಲವು ಗಿಡಗಳು ಚಳಿಗಾಗಿ ಕಾಯುವುದಿಲ್ಲ, ಹಗಲು ಗಿಡ್ಡವಾಗುವುದನ್ನೇ ಕಾಯುತ್ತವೆ. ಅವರೆ, ಸೇವಂತಿಗೆ ಅಂಥವು. ಇವು ಘಟ್ಟದ ಮೇಲೂ ಹೂ ಬಿಡುತ್ತವೆ, ಕೆಳಗೂ ಬಿಡುತ್ತವೆ. ಚಳಿಯನ್ನೇ ನೆಚ್ಚಿದ ಹೂಕೋಸು, ಎಲೆಕೋಸು ಘಟ್ಟದ ಮೇಲಿನವರಿಗೆ ಸುಲಭ, ಕೆಳಗಿನವರಿಗೆ ಜೂಜು. ನನ್ನ ಆಯ್ಕೆಯೆಲ್ಲ ಈ ಒಂದು ಭೇದದ ಮೇಲೆ ನಿಂತಿದೆ.

ಎರಡನೆಯದು ನೀರು. ಈಗಿನ ನೀರನ್ನಲ್ಲ, ಫೆಬ್ರವರಿ, ಮಾರ್ಚಿನ ನೀರನ್ನು ನೆನೆಸಿಕೊಳ್ಳಿ. ಘಟ್ಟದ ಮೇಲೆ ಬಾವಿಯ ನೀರು ಆಳಕ್ಕೆ ಇಳಿಯುತ್ತದೆ, ತೋಟಕ್ಕೇ ಸಾಲದಾದಾಗ ಹಿತ್ತಲಿಗೆ ಕೊಡುವವರಿಲ್ಲ. ಕರಾವಳಿಯಲ್ಲಿ ಹೊಳೆಯ ಬದಿಯ ಬಾವಿಗಳಲ್ಲಿ ನೀರು ಇರುತ್ತದೆ, ಆದರೆ ಉಪ್ಪಾಗುತ್ತದೆ. ಬೀನ್ಸ್ ಮತ್ತು ಈರುಳ್ಳಿಗೆ ಉಪ್ಪು ಆಗುವುದೇ ಇಲ್ಲ. ಪಾಲಕ್, ಬೀಟ್‌ರೂಟ್ ಅದೇ ನೀರನ್ನು ಸಾಕಷ್ಟು ತಾಳಿಕೊಳ್ಳುತ್ತವೆ.

ಮೂರನೆಯದು ಬಿಸಿಲು. ಹೂ ಮತ್ತು ಕಾಯಿಗೆ ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು. ಸೊಪ್ಪಿಗೆ ಮೂರು ನಾಲ್ಕು ಗಂಟೆಯಾದರೂ ನಡೆಯುತ್ತದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಮಳೆಗಾಲಕ್ಕೆ ಮುಂಚೆ ಬಿಸಿಲು ಬೀಳುತ್ತಿದ್ದ ಜಾಗ ಈಗ ನೆರಳಲ್ಲಿರಬಹುದು. ಒಂದು ರಜೆಯ ದಿನ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹೋಗಿ ನೋಡಿ.

ನಾಲ್ಕನೆಯದು ಮಣ್ಣು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಜಂಬಿಟ್ಟಿಗೆ ಮಣ್ಣಿನ ಸುಣ್ಣದ ಅಂಶವೆಲ್ಲ ಮಳೆಯಲ್ಲಿ ತೊಳೆದುಹೋಗಿ ಮಣ್ಣು ಹುಳಿಯಾಗಿರುತ್ತದೆ. ಸಸಿ ನೆಡುವ ಎರಡು ಮೂರು ವಾರ ಮೊದಲು ಸ್ವಲ್ಪ ಸುಣ್ಣ ಬೆರೆಸಿದರೆ ಅರ್ಧ ಕೆಲಸ ಆದಂತೆ. ಕರಾವಳಿಯವರಿಗೆ ಚಿಪ್ಪಿ ಸುಣ್ಣ ಕೈಗೆ ಸಿಗುವ ವಸ್ತು. ದೊಡ್ಡ ಜಾಗ ಇದ್ದವರು ಮಣ್ಣು ಪರೀಕ್ಷೆ ಮಾಡಿಸಿಕೊಂಡೇ ಸುಣ್ಣದ ಪ್ರಮಾಣ ನಿರ್ಧರಿಸಲಿ. ಶಿರಸಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವೇ ಇದೆ.

ಮಂಗ, ಮುಳ್ಳುಹಂದಿ, ನವಿಲಿನ ಲೆಕ್ಕವನ್ನು ನಿಮ್ಮ ನಿಮ್ಮ ಊರಿನವರೇ ಹೇಳಬೇಕು. ಅಕ್ಕನ ಹಿತ್ತಲಿಗೆ ಅದೇ ಮೊದಲ ಪ್ರಶ್ನೆ.

ಹೂವಿನ ಆಯ್ಕೆ

ಗೊಂಡೆ, ಸೇವಂತಿಗೆ, ಅಬ್ಬಲಿಗೆ (ಕನಕಾಂಬರ), ಕಾಕಡ. ಚಳಿಗಾಲದ ಹೂವೆಂದರೆ ಹೆಚ್ಚಿನವರು ಈ ನಾಲ್ಕರ ನಡುವೆಯೇ ತೂಗುತ್ತಾರೆ. ನಮ್ಮ ಭಟ್ಕಳ ಮಲ್ಲಿಗೆಗೆ ಈಗ ಸುಗ್ಗಿಯಲ್ಲ, ಅದರ ನಿಜವಾದ ಭರಾಟೆ ಬೇಸಿಗೆಯಲ್ಲಿ. ಆದ್ದರಿಂದ ಅದನ್ನು ಇಲ್ಲಿ ಬಿಟ್ಟಿದ್ದೇನೆ.

ಕಡಿಮೆ ಖರ್ಚಿನಲ್ಲಿ, ಬೇಗ, ಹೇರಳವಾಗಿ ಹೂ ಬೇಕಿದ್ದರೆ ಗೊಂಡೆ. ಸಸಿ ನೆಟ್ಟು ಒಂದೂವರೆಯಿಂದ ಎರಡು ತಿಂಗಳಿಗೆ ಹೂ. ಗಿಡ ಒಂದು ಗೇಣು ದಾಟಿದಾಗ ತುದಿ ಚಿವುಟಿದರೆ ಕವಲೊಡೆದು ಹೂ ಹೆಚ್ಚುತ್ತದೆ. ಬದನೆ, ಟೊಮೆಟೊ ಸಾಲಿನ ನಡುವೆ ಹಾಕಿದರೆ ಬೇರುಗಂಟು ಜಂತುಹುಳದ ಕಾಟವೂ ತಗ್ಗುತ್ತದೆ. ಕೊರತೆ ಏನೆಂದರೆ ಆಯಸ್ಸು ಕಡಿಮೆ, ಎರಡು ತಿಂಗಳು ಹೂ ಕೊಟ್ಟು ಮುಗಿಯುತ್ತದೆ. ಅಂಗಡಿಯ ಹೈಬ್ರಿಡ್ ಗೊಂಡೆಯ ಬೀಜ ಎತ್ತಿಟ್ಟರೆ ಮರುವರ್ಷ ಅದೇ ದಪ್ಪದ ಹೂ ಬರುವುದಿಲ್ಲ. ಊರಿನ ನಾಟಿ ಗೊಂಡೆ ಸಣ್ಣದಾದರೂ ಅದರ ಬೀಜ ನಂಬಿಕಸ್ತ. ದೇವರ ಹೂವಿಗೆ ನನಗೆ ಅದೇ ಸಾಕು.

ಸೇವಂತಿಗೆಯ ಚೆಂದಕ್ಕೆ ಸಾಟಿಯಿಲ್ಲ, ಆದರೆ ಅದು ಮಳೆಗಾಲದಿಂದಲೇ ಕೈಹಿಡಿದು ಸಾಕುವವರ ಹೂ. ಮೇ, ಜೂನ್ ತಿಂಗಳಲ್ಲಿ ನೆಟ್ಟು, ಆಗಸ್ಟ್‌ವರೆಗೆ ತುದಿ ಚಿವುಟುತ್ತ ಬಂದರೆ ನವೆಂಬರ್‌ನಿಂದ ಹೂ. ಕರಾವಳಿಯ ಮಳೆಗೆ ಬೇರು ಕೊಳೆಯುತ್ತದೆ, ಹಾಗಾಗಿ ಕುಂಡ ಮಾಡಿನ ಕೆಳಗೆ ಇರಲೇಬೇಕು. ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಇದು ಉದ್ದ ರಾತ್ರಿಯನ್ನು ನೋಡಿ ಮೊಗ್ಗು ಕಟ್ಟುವ ಗಿಡವಾದ್ದರಿಂದ ಬೀದಿ ದೀಪದ ಬೆಳಕೋ, ರಾತ್ರಿಯಿಡೀ ಉರಿಯುವ ಜಗುಲಿ ದೀಪವೋ ಬಿದ್ದರೆ ಮೊಗ್ಗು ತಡವಾಗುತ್ತದೆ. ಕಾರವಾರದ ಅತ್ತಿಗೆಯ ಹಳೆಯ ಸೇವಂತಿಗೆ ಎರಡು ವರ್ಷ ಬರೀ ಸೊಪ್ಪಾಗಿಯೇ ಇತ್ತು. ರಸ್ತೆ ದೀಪದ ಮಗ್ಗುಲಿಂದ ಕುಂಡವನ್ನು ಹಿಂದಿನ ಮೂಲೆಗೆ ಸರಿಸಿದ ವರ್ಷ ಹೂ ಬಂತು. ಈಗ, ನವೆಂಬರ್‌ನಲ್ಲಿ, ಸೇವಂತಿಗೆ ಬೇಕೆನ್ನುವವರು ಮೊಗ್ಗಿರುವ ಗಿಡವನ್ನೇ ಕೊಳ್ಳಬೇಕು. ಹೂ ಮುಗಿದ ಮೇಲೆ ಬುಡದಿಂದ ಏಳುವ ಮರಿಗಳನ್ನು ಬಿಡಿಸಿ ನೆಟ್ಟುಕೊಂಡರೆ ಮುಂದಿನ ವರ್ಷದ ಖರ್ಚು ಉಳಿಯಿತು. ತಂಪು ರಾತ್ರಿಯಿಂದಾಗಿ ಶಿರಸಿ ಕಡೆ ಹೂವಿನ ಬಣ್ಣ, ಬಾಳಿಕೆ ಎರಡೂ ಒಂದು ಕೈ ಮೇಲು.

ಅಬ್ಬಲಿಗೆಯ ಬಗ್ಗೆ ಬರೆಯಲು ಕೂತರೆ ನನಗೆ ನಿಲ್ಲಿಸುವುದು ಕಷ್ಟ. ಘಟ್ಟದ ಕೆಳಗಿನ ಹಿತ್ತಲಿಗೆ ಇದರಷ್ಟು ಒಗ್ಗಿದ ಹೂ ಬೇರೆ ಇಲ್ಲ. ಅರೆ ನೆರಳಿನಲ್ಲೂ ಬರುತ್ತದೆ, ತೆಂಗಿನ ಬುಡದಲ್ಲೂ ಬರುತ್ತದೆ, ಒಮ್ಮೆ ನೆಟ್ಟರೆ ಎರಡು ಮೂರು ವರ್ಷ ಹೂ. ಜೋರು ಮಳೆಯಲ್ಲಿ ಮಾತ್ರ ಹಿಂದೆಗೆಯುತ್ತದೆ, ಮಳೆ ನಿಂತ ಮೇಲೆ ಮತ್ತೆ ತೆನೆ ತೆಗೆಯುತ್ತದೆ. ಕೊಯ್ದ ಹೂ ಎರಡು ದಿನ ಬಾಡುವುದಿಲ್ಲ, ಮೊದಲ ದಿನದ ಹೂವನ್ನು ಎರಡನೇ ದಿನದ್ದರ ಜೊತೆ ಸೇರಿಸಿ ಮಾಲೆ ಕಟ್ಟಬಹುದು. ನಾಲ್ಕೇ ಗಿಡ ಇದ್ದವರಿಗೆ ಇದು ದೊಡ್ಡ ಅನುಕೂಲ. ಒಣಗಿದ ತೆನೆಯೊಂದನ್ನು ಅಂಗೈಯಲ್ಲಿಟ್ಟು ಮೇಲೆ ನಾಲ್ಕು ಹನಿ ನೀರು ಹಾಕಿ ನೋಡಿ. ಒಂದೆರಡು ಗಳಿಗೆ ಸುಮ್ಮನಿದ್ದು ಆಮೇಲೆ ಚಟ್ ಚಟ್ ಎಂದು ಸಿಡಿಯುತ್ತದೆ, ಚಪ್ಪಟೆ ಬೀಜಗಳು ಮಾರು ದೂರ ಹಾರುತ್ತವೆ. ನನ್ನ ಮಗಳು ಸಣ್ಣವಳಿದ್ದಾಗ ಇದಕ್ಕಾಗಿಯೇ ತೆನೆ ಒಣಗುವುದನ್ನು ಕಾಯುತ್ತಿದ್ದಳು. ಬೀಜ ಕೂಡಿಡುವವರು ತೆನೆಯನ್ನು ಬಟ್ಟೆಯ ಚೀಲದೊಳಗೆ ಇಟ್ಟು ಒದ್ದೆ ಮಾಡಬೇಕು. ಡೆಲ್ಲಿ ಎಂದು ಕರೆಯುವ ದಪ್ಪ ಕೇಸರಿ ಬಗೆಯಲ್ಲಿ ಮಾತ್ರ ಬೀಜ ಕಟ್ಟುವುದಿಲ್ಲ, ಟೊಂಗೆಯನ್ನೇ ನೆಡಬೇಕು. ಇದರ ಕೊರತೆ ಎರಡು: ಪರಿಮಳ ಇಲ್ಲ, ನೀರು ನಿಂತರೆ ಸೊರಗುತ್ತದೆ.

ಪರಿಮಳ ಇಲ್ಲದಿದ್ದರೂ ಬಿಳಿ ಹೂ ಬೇಕು, ಮಲ್ಲಿಗೆಯ ಜಾಗ ತುಂಬಬೇಕು ಎನ್ನುವವರಿಗೆ ಕಾಕಡ. ಮಲ್ಲಿಗೆ ಇಲ್ಲದ ಈ ತಿಂಗಳುಗಳಲ್ಲೇ ಅರಳುತ್ತದೆ, ಗಟ್ಟಿ ಬಳ್ಳಿ, ಹೇಳಿಕೊಳ್ಳುವ ರೋಗ ಇಲ್ಲ, ಆದರೆ ಜಾಗ ತಿನ್ನುತ್ತದೆ. ತಾರಸಿಗೆ ಬೇಡ, ಬೇಲಿಗೆ ಸರಿ. ಬೇಲಿಯ ಮಾತು ಬಂದಾಗ ಗೋರಟೆಯನ್ನು ಮರೆಯಬೇಡಿ. ಖರ್ಚಿಲ್ಲ, ಆರೈಕೆಯಿಲ್ಲ, ಪಕ್ಕದ ಮನೆಯಿಂದ ಒಂದು ಟೊಂಗೆ ಕೇಳಿ ತಂದರೆ ಆಯಿತು. ಚಳಿಗಾಲದಲ್ಲಿ ಬೇಲಿ ತುಂಬ ಹೂ.

ತರಕಾರಿಯ ಆಯ್ಕೆ

ಬೇಗ ಕೈಗೆ ಬರುವುದು ಸೊಪ್ಪು. ಹರಿವೆ 25ರಿಂದ 30 ದಿನ, ಮೂಲಂಗಿ 40ರಿಂದ 45, ಕೊತ್ತಂಬರಿಯೂ ಸುಮಾರು ಅಷ್ಟೇ. ಹರಿವೆ ಬೆಚ್ಚಗಿನ ಮಣ್ಣಿನ ಗಿಡ, ಕರಾವಳಿಯಲ್ಲಿ ಚಳಿಗಾಲದಲ್ಲೂ ಸರಾಗ, ಶಿರಸಿಯ ಜನವರಿಯಲ್ಲಿ ನಿಧಾನ. ಗಿಡ್ಡ ಹಗಲಿಗೆ ಅದು ಬೇಗ ತೆನೆ ತೆಗೆಯುತ್ತದೆ. ಹಾಗಾಗಿ ಎಲೆ ಚಿವುಟುತ್ತ ಕೂರದೆ ತಿಂಗಳಿಗೆ ಬುಡಸಮೇತ ಕಿತ್ತು, ಹತ್ತು ದಿನಕ್ಕೊಮ್ಮೆ ಹೊಸದಾಗಿ ಬಿತ್ತಿ. ಬಸಳೆಗೂ ಇದೇ ತೊಂದರೆ. ಮಳೆಗಾಲದಲ್ಲಿ ಅಂಗೈ ಅಗಲ ಇದ್ದ ಎಲೆ ಈಗ ಸಣ್ಣದಾಗಿ ನೇರಳೆ ಕಾಯಿಗೊಂಚಲು ಬರುತ್ತದೆ. ಕೆಲವರು ರೋಗವೆಂದು ಹೆದರುತ್ತಾರೆ. ಅದು ರೋಗವಲ್ಲ, ಹಗಲು ಗಿಡ್ಡವಾದದ್ದಕ್ಕೆ ಬಳ್ಳಿ ಕೊಟ್ಟ ಉತ್ತರ. ಚೆನ್ನಾಗಿ ಸವರಿ ಬುಡಕ್ಕೆ ಗೊಬ್ಬರ ಕೊಡಿ, ಹಗಲು ಉದ್ದವಾದಂತೆ ಎಲೆ ಮರಳುತ್ತದೆ. ಕೊತ್ತಂಬರಿ ಮಾತ್ರ ಎರಡೂ ಕಡೆ ಈಗಲೇ ಹಾಕಬೇಕಾದದ್ದು, ಮಾರ್ಚ್ ಬಿಸಿಲಿಗೆ ಎಲೆಗಿಂತ ಮೊದಲು ಹೂ ಬಂದುಬಿಡುತ್ತದೆ. ಬೀಜವನ್ನು ಅಂಗೈಯಲ್ಲಿ ಉಜ್ಜಿ ಎರಡು ಹೋಳು ಮಾಡಿ ಬಿತ್ತುವುದನ್ನು ಮರೆಯಬೇಡಿ.

ಅವರೆ, ಅಳಸಂದೆಗಳಲ್ಲಿ ಯಾವುದು? ಚಪ್ಪರದವರೆಯನ್ನು ಮಳೆಗಾಲದಲ್ಲೇ ಬಿತ್ತಿದವರಿಗೆ ಈಗ ಹೂ ಬಂದಿರುತ್ತದೆ, ಶಿವರಾತ್ರಿವರೆಗೂ ಕಾಯಿ. ಈಗ ಬಿತ್ತುವವರು ಹಗಲಿನ ಉದ್ದಕ್ಕೆ ಕಾಯದ ಗಿಡ್ಡ ತಳಿ ತರಬೇಕು. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಜಯ್, ಅರ್ಕಾ ವಿಜಯ್ ಅಂಥವು. ಇವಕ್ಕೆ ಚಪ್ಪರವೂ ಬೇಡ, ಕುಂಡದಲ್ಲೂ ಆಗುತ್ತವೆ. ಆದರೆ ಚಪ್ಪರದವರೆಯಂತೆ ತಿಂಗಳುಗಟ್ಟಲೆ ಕೊಡುವುದಿಲ್ಲ. ಅಳಸಂದೆ ಕರಾವಳಿಯ ಗದ್ದೆಗಳಲ್ಲಿ ಭತ್ತ ಕೊಯ್ದ ಮೇಲೆ ಹಾಕುವ ಬೆಳೆ. ಉಳಿದ ತೇವದಲ್ಲೇ ಎದ್ದು ನಿಲ್ಲುತ್ತದೆ, ಎರಡು ತಿಂಗಳಿಗೆ ಕಾಯಿ, ಮಣ್ಣಿಗೂ ಒಳ್ಳೆಯದು. ನೀರು ಕಡಿಮೆ ಇರುವವರಿಗೆ ನಾನು ಕಣ್ಣುಮುಚ್ಚಿ ಅಳಸಂದೆ ಎನ್ನುತ್ತೇನೆ. ಎಳೆ ತುದಿಗೆ ಕರಿ ಹೇನು ಮುತ್ತುತ್ತದೆ. ಮೊದಲ ದಿನವೇ ನೀರು ಜೋರಾಗಿ ಹಾಯಿಸಿ ತೊಳೆದರೆ ಮದ್ದಿನ ತನಕ ಹೋಗುವುದಿಲ್ಲ.

ಟೊಮೆಟೊ, ಬದನೆ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಜನ ಹೆಚ್ಚು ಸೋಲುವುದು ಇಲ್ಲೇ. ಕಾಯಿ ತುಂಬಿದ ಹಸಿರು ಗಿಡ ಮಧ್ಯಾಹ್ನ ಬಾಡುತ್ತದೆ, ಸಂಜೆ ಚೇತರಿಸಿಕೊಳ್ಳುತ್ತದೆ, ಮೂರನೇ ದಿನಕ್ಕೆ ಎಲೆ ಹಳದಿಯಾಗದೆಯೇ ಸತ್ತುಹೋಗುತ್ತದೆ. ನೀರು ಕಡಿಮೆಯಾಯಿತೆಂದು ಇನ್ನಷ್ಟು ನೀರು ಹಾಕುತ್ತೇವೆ. ಸಂಶಯವಿದ್ದರೆ ಬುಡದ ಹತ್ತಿರ ಕಾಂಡವನ್ನು ಕೊಯ್ದು, ಗಾಜಿನ ಲೋಟದ ನೀರಿನಲ್ಲಿ ತುದಿ ಮುಳುಗುವಂತೆ ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ಹಾಲಿನ ಎಳೆಯಂತೆ ಬಿಳಿಯ ದ್ರವ ನೀರಿಗೆ ಇಳಿದರೆ ಅದು ದುಂಡಾಣು ಸೊರಗು ರೋಗ. ಹುಳಿ ಮಣ್ಣು, ಬೆಚ್ಚಗಿನ ತೇವ ಎರಡೂ ಇರುವ ನಮ್ಮ ಕರಾವಳಿ ಅದಕ್ಕೆ ಹೇಳಿ ಮಾಡಿಸಿದ ಜಾಗ. ಮದ್ದಿಲ್ಲ, ಗಿಡ ಕಿತ್ತು ಸುಡಬೇಕು, ಆ ಮಡಿಯಲ್ಲಿ ಕೆಲವು ವರ್ಷ ಟೊಮೆಟೊ, ಬದನೆ, ಮೆಣಸು ಯಾವುದೂ ಬೇಡ.

ಹಾಗಾದರೆ ದಾರಿ? ಟೊಮೆಟೊಗೆ ಅರ್ಕಾ ರಕ್ಷಕ್, ಬದನೆಗೆ ಅರ್ಕಾ ನಿಧಿ, ಅರ್ಕಾ ಕೇಶವ್. ಇವು ಈ ರೋಗ ತಡೆಯುವ ತಳಿಗಳು. ಸುಂಡೆ ಗಿಡದ ಬೇರಿನ ಮೇಲೆ ಕಸಿ ಕಟ್ಟಿದ ಬದನೆಯೂ ಸಿಗುತ್ತದೆ. ಸಸಿಯ ಬೆಲೆ ಹೆಚ್ಚು, ಆದರೆ ಎರಡು ಕಸಿ ಗಿಡ ಒಂದು ಮನೆಗೆ ಸಾಕು. ಕುಂಡದಲ್ಲಿ ಹೊಸ ಮಣ್ಣು ಹಾಕುವವರು ಈ ರೋಗದಿಂದ ಬಹುಮಟ್ಟಿಗೆ ಪಾರು. ನೆಲ ಇಲ್ಲದವರಿಗೆ ಇರುವ ಒಂದು ಅನುಕೂಲ ಇದು. ಟೊಮೆಟೊಗೆ ತಂಪು ರಾತ್ರಿ ಇದ್ದರೆ ಕಾಯಿ ಕಚ್ಚುವುದು ಚೆನ್ನಾಗಿರುವುದರಿಂದ ಶಿರಸಿಯವರಿಗೆ ಟೊಮೆಟೊ, ಕರಾವಳಿಯವರಿಗೆ ಬದನೆ ಎಂದು ಹಂಚಿಕೊಂಡರೆ ಇಬ್ಬರಿಗೂ ಒಳಿತು.

ಕೋಸುಗಳು ಘಟ್ಟದ ಮೇಲಿನವರ ಹಕ್ಕು. ಕರಾವಳಿಯಲ್ಲಿ ಹಟ ಇದ್ದರೆ ಹೂಕೋಸಿನ ಮುಂಗಾರು ತಳಿಯನ್ನೇ, ಅಂದರೆ 20ರಿಂದ 27 ಡಿಗ್ರಿಯಲ್ಲೂ ಗಡ್ಡೆ ಕಟ್ಟುವ ಬೇಗದ ತಳಿಯನ್ನೇ ಕೇಳಿ ತನ್ನಿ, ಬಲಿತ ಸಸಿ ನೆಡಬೇಡಿ. ನನ್ನನ್ನು ಕೇಳಿದರೆ ಆ ಜಾಗಕ್ಕೆ ಹಾಲುಬೆಂಡೆ ಹಾಕಿ. 50 ದಿನಕ್ಕೆ ಕೊಯ್ಲು ಶುರು, ಬಲಿತರೂ ನಾರಾಗದ ನಮ್ಮ ಕರಾವಳಿಯದೇ ಬೆಂಡೆ. ಎಲೆಯ ನರ ಹಳದಿಯಾಗುವ ನಂಜುರೋಗ ಜೋರಿರುವ ಕಡೆ ಅರ್ಕಾ ಅನಾಮಿಕಾ ತಡೆದುಕೊಳ್ಳುತ್ತದೆ.

ಕುಮಟೆಯ ಸಿಹಿ ಈರುಳ್ಳಿಯನ್ನು ಮನೆಯಲ್ಲಿ ಬೆಳೆಯಬಹುದೇ ಎಂದು ಅಂಕೋಲೆಯವರು ಕೇಳಿದ್ದಾರೆ. ಅಳ್ವೆಕೋಡಿ, ಹಂದಿಗೋಣದ ಗದ್ದೆಗಳಲ್ಲಿ ಭತ್ತ ಕೊಯ್ದ ಮೇಲೆ ನೆಟ್ಟು ಬೇಸಿಗೆಯ ಹೊತ್ತಿಗೆ ಕೀಳುವ ಬೆಳೆ ಅದು. ಹೆದ್ದಾರಿಯ ಬದಿಗೆ ಜಡೆ ಹೆಣೆದು ತೂಗುಹಾಕಿರುವುದನ್ನು ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಅದಕ್ಕೆ ಉಸುಕು ಬೆರೆತ ಮಣ್ಣು, ನಾಲ್ಕು ತಿಂಗಳ ಸಿಹಿನೀರು, ಬಿಡುವಿಲ್ಲದ ಕಳೆ ಕೀಳುವಿಕೆ ಬೇಕು. ಬೀಜವೂ ಆ ವರ್ಷದ್ದೇ ಆಗಬೇಕು, ಹಳೆಯದು ಮೊಳೆಯುವುದಿಲ್ಲ. ಗಜನಿಯ ಬದಿಯ ಬಾವಿಯಿಂದ ಇದು ಆಗದು. ಅಲ್ಲಿ ಬೆಳೆದವರಿಂದ ಎರಡು ಜಡೆ ಕೊಂಡು ಅಡುಗೆಮನೆಯಲ್ಲಿ ಗಾಳಿಯಾಡುವಂತೆ ಕಟ್ಟಿ, ಬೆಳೆದವರಿಗೂ ನ್ಯಾಯ.

ಇನ್ನೊಂದು ಬಗೆಯ ಚಳಿಗಾಲದ ಕೊಯ್ಲಿದೆ, ಅದಕ್ಕೆ ಈಗ ಬಿತ್ತುವುದೇನೂ ಇಲ್ಲ. ಬೇಸಿಗೆಯ ಕೊನೆಗೆ ಹೂತಿಟ್ಟ ಸುವರ್ಣಗಡ್ಡೆ, ಮಳೆಗೆ ಮುಂಚೆ ನೆಟ್ಟ ಅರಿಶಿನ. ಎಲೆ ಒಣಗಿ ನೆಲಕ್ಕೆ ಬಿದ್ದ ಮೇಲೆ ಅಗೆಯುವುದಷ್ಟೇ ಕೆಲಸ. ಬಿಡುವಿಲ್ಲದವರು, ನೌಕರಿಯವರು ಈ ವರ್ಷ ಸುಮ್ಮನಿದ್ದು ಮುಂದಿನ ಏಪ್ರಿಲ್‌ಗೆ ಇವನ್ನು ಹಾಕಲಿ. ಮುಳ್ಳುಹಂದಿ ಬರುವ ಊರಾದರೆ ಗಡ್ಡೆಗೆ ಬೇಲಿ ಬೇಕು.

ಮೂವರಿಗೆ ನಾನು ಹೇಳಿದ್ದು

ಅತ್ತಿಗೆಗೆ: ಹತ್ತು ಕುಂಡದ ತಾರಸಿಯಲ್ಲಿ ಖರ್ಚೆಲ್ಲ ಕುಂಡ, ಮಣ್ಣಿನದ್ದೇ, ಬೀಜದ್ದಲ್ಲ. ಬಣ್ಣದ ಖಾಲಿ ಬಕೆಟ್ಟಿಗೆ ತಳದಲ್ಲಿ ತೂತು ಕೊರೆದರೆ ಕುಂಡದ ದುಡ್ಡು ಉಳಿಯುತ್ತದೆ, ಒಳಗಿನ ಬಣ್ಣ ಪೂರ್ತಿ ತೊಳೆದಿರಬೇಕು. ಎರಡರಲ್ಲಿ ಅಬ್ಬಲಿಗೆ, ಎರಡರಲ್ಲಿ ಗೊಂಡೆ, ಎರಡರಲ್ಲಿ ಬದನೆ, ಒಂದರಲ್ಲಿ ಗಿಡ್ಡ ಅವರೆ, ಉಳಿದವು ಅಗಲ ಬಾಯಿಯ ಟಬ್ಬುಗಳಾಗಿ ಹರಿವೆ, ಕೊತ್ತಂಬರಿಗೆ. ಹೂಕೋಸಿನ ಪ್ಯಾಕೆಟ್ಟನ್ನು ಅವರಿಂದ ಇಸಿದುಕೊಂಡು ಅಕ್ಕನಿಗೆ ಕಳಿಸಿದ್ದೇನೆ.

ಅಂಕೋಲೆಯವರಿಗೆ: ಮೊದಲು ಬಾವಿಯ ನೀರನ್ನು ಪರೀಕ್ಷೆ ಮಾಡಿಸಿ, ಆಮೇಲೆ ಬೀಜ. ಈ ವರ್ಷ ಒಂದು ಗುಂಟೆ ಸಾಕು. ಅಳಸಂದೆಯನ್ನು ಈಗಲೇ, ಸಿಹಿನೀರು ಇರುವಾಗಲೇ ಹಾಕಿ ಜನವರಿಯೊಳಗೆ ಮುಗಿಸಿ. ಉಪ್ಪು ಏರುವ ತಿಂಗಳಿಗೆ ಪಾಲಕ್ ಇರಲಿ. ಬೇಲಿಗೆ ಗೋರಟೆ. ಸಂಶಯ ಬಂದರೆ ಅಂಕೋಲೆ ಪೇಟೆಯಲ್ಲಿ ಬುಟ್ಟಿ ಇಟ್ಟು ಕೂರುವ ಹಾಲಕ್ಕಿ ಸಮುದಾಯದ ಅಮ್ಮಂದಿರನ್ನು ಕೇಳಿ. ಯಾವ ತಿಂಗಳು ಅವರ ಬುಟ್ಟಿಯಲ್ಲಿ ಏನಿದೆ ಎಂದು ನೋಡುತ್ತ ಬಂದರೆ ಆ ಮಣ್ಣಿಗೆ ಏನು ಒಗ್ಗುತ್ತದೆಂದು ತಿಳಿಯುತ್ತದೆ.

ಅಕ್ಕನಿಗೆ: ಮಂಗ ಮುಟ್ಟುವ ಬೆಂಡೆ, ಟೊಮೆಟೊ ಜಗುಲಿಯ ಮುಂದೆ, ಕಣ್ಣಳತೆಯಲ್ಲಿ ಮತ್ತು ಬಲೆಯ ಒಳಗೆ. ದೂರದ ಮಡಿಗೆ ಗೊಂಡೆ, ಸೇವಂತಿಗೆ, ಅರಿಶಿನ. ಅಡಿಕೆಯ ನೆರಳು ಬೀಳುವ ಅಂಚಿಗೆ ಕೊತ್ತಂಬರಿ. ಬೆಟ್ಟದ ದರಕನ್ನು (ಉದುರಿದ ಒಣ ಎಲೆಯನ್ನು) ಬುಡಕ್ಕೆ ಒಂದು ಗೇಣು ದಪ್ಪ ಹೊದಿಸಿದರೆ ನೀರನ್ನು ಎರಡು ದಿನಕ್ಕೊಮ್ಮೆ ಕೊಟ್ಟರೂ ನಡೆಯುತ್ತದೆ. ನಾಟಿ ಬೀಜ ಬೇಕೆಂದರೆ ಅವಳಿಗೆ ಶಿರಸಿಯಲ್ಲೇ ವನಸ್ತ್ರೀ ಇದೆ, ಮಲೆನಾಡಿನ ಹೆಂಗಸರು ಹಿತ್ತಲಿನ ಬೀಜಗಳನ್ನು ಉಳಿಸಿ ಹಂಚುವ ಸಂಘಟನೆ.

ಹೂಕೋಸಿನ ಸಸಿ ಅಕ್ಕನ ಮಡಿಯಲ್ಲಿ ಈಗ ನಾಲ್ಕೆಲೆಯಾಗಿದೆಯಂತೆ. ನಿನ್ನೆ ಫೋನಿನಲ್ಲಿ, ಬೆಳಿಗ್ಗೆ ಎಲೆಯ ಮೇಲೆಲ್ಲ ಇಬ್ಬನಿ ಕೂತಿತ್ತು ಎಂದಳು.